ಹಳೆಯ ಬೋಟು, ಸ್ಟೀರಿಂಗಿನ ಪ್ಲೇ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಳೆಯ ಬಾಸ್ ಬೋಟು, ಅಂದರೆ ಬಾಸ್ ಮೀನು ಹಿಡಿಯಲೆಂದೇ ಕಟ್ಟಿದ ದೋಣಿ, ಕೊಂಡವರೆಲ್ಲ ಇಂದಲ್ಲ ನಾಳೆ ಒಂದು ಪ್ರಶ್ನೆಯ ಎದುರು ನಿಲ್ಲುತ್ತಾರೆ. ಇರುವ ಕೇಬಲ್ ಸ್ಟೀರಿಂಗನ್ನೇ ಸರಿಮಾಡಿಸಿಕೊಳ್ಳುವುದೋ, ಕಿತ್ತುಹಾಕಿ ಹೈಡ್ರಾಲಿಕ್ ಕೂರಿಸುವುದೋ? ಯಾರನ್ನು ಕೇಳಿದರೂ ಹೈಡ್ರಾಲಿಕ್ ಎನ್ನುತ್ತಾರೆ. ಎಂಜಿನ್ ಎಷ್ಟು ಎಚ್.ಪಿ., ಬೋಟು ಎಷ್ಟು ವೇಗ ಹೋಗುತ್ತದೆ, ಈಗಿರುವುದು ಒಂಟಿ ಕೇಬಲ್ಲೋ ಜೋಡಿ ಕೇಬಲ್ಲೋ ಎಂದು ವಿಚಾರಿಸುವುದಕ್ಕೂ ಮೊದಲೇ ಹೇಳಿಬಿಡುತ್ತಾರೆ. ಈ ಸಲಹೆಯಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಬೋಟನ್ನು ನೋಡದೆ ಕೊಟ್ಟ ಸಲಹೆಯಾದ್ದರಿಂದ ಅದು ಎಷ್ಟೋ ಬೋಟುಗಳಿಗೆ ದಂಡದ ಖರ್ಚಾಗುತ್ತದೆ, ಕೆಲವಕ್ಕೆ ಅಪಾಯವೂ ಆಗುತ್ತದೆ.

ನಾನಿರುವ ಹಂಟ್ಸ್‌ವಿಲ್ ಊರಿಗೆ ಗಂಟರ್ಸ್‌ವಿಲ್ ಜಲಾಶಯ ಹತ್ತಿರ. ಟೆನೆಸ್ಸಿ ನದಿಗೆ 1939ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ಸುಮಾರು 69,000 ಎಕರೆ ನೀರು. ಅಲಬಾಮಾ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಜಲಾಶಯ ಇಲ್ಲ. 2014ರಲ್ಲೂ 2020ರಲ್ಲೂ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಮೀನು ಹಿಡಿಯುವ ದೊಡ್ಡ ಪಂದ್ಯ ಇಲ್ಲೇ ನಡೆಯಿತು. ಆದರೆ ಶನಿವಾರ ಬೆಳಿಗ್ಗೆ ಅಲ್ಲಿ ನೀರಿಗಿಳಿಯುವ ಬೋಟುಗಳಲ್ಲಿ ಪಂದ್ಯದ ಹೊಚ್ಚಹೊಸ ಬೋಟುಗಳಿಗಿಂತ ನನ್ನ ಕಣ್ಣು ಹೋಗುವುದು ಎಂಬತ್ತು-ತೊಂಬತ್ತರ ದಶಕದವುಗಳ ಕಡೆಗೆ. ಬಣ್ಣ ಮಾಸಿದೆ, ಸೀಟು ಹರಿದಿದೆ, ಆದರೂ ಒಡಲು ಗಟ್ಟಿ. ನಮ್ಮಂಥ ಸಂಬಳದವರ ಕೈಗೆ ಎಟಕುವುದು ಇವೇ. ಇಲ್ಲಿನ ಕನ್ನಡಿಗರಲ್ಲೂ ಕೆಲವರಿಗೆ ಈ ಹುಚ್ಚು ಹತ್ತಿದೆ. ಕುಂದಾಪುರ ಕಡೆಯ ನನ್ನ ಗೆಳೆಯನೊಬ್ಬ ಎಂಬತ್ತರ ದಶಕದ ಕೊನೆಯ, 18 ಅಡಿಯ, 150 ಎಚ್.ಪಿ. ಎಂಜಿನಿನ ಬೋಟೊಂದನ್ನು ಕೊಂಡು ಇದೇ ಪ್ರಶ್ನೆ ಕೇಳಿದ: "ಹೈಡ್ರಾಲಿಕ್ ಹಾಕ್ಸಿಬಿಡ್ಲಾ ಮಾರಾಯ, ಏನ್ ಹೇಳ್ತೆ?"

ಅವನಿಗೆ ವಿಷಯ ವಿವರಿಸುವುದು ಸುಲಭವಾಯಿತು. ಅವನ ಊರ ಕಡೆಯ ಗಂಗೊಳ್ಳಿಯ ನಾಡದೋಣಿಯಲ್ಲಿ ಔಟ್‌ಬೋರ್ಡ್ ಎಂಜಿನಿನ ಹಿಡಿ ನೇರವಾಗಿ ಕೈಯಲ್ಲಿರುತ್ತದೆ. ಎಂಜಿನ್ ಎತ್ತ ತಿರುಗಿದರೆ ದೋಣಿ ಅತ್ತ. ಕೈಗೂ ಎಂಜಿನಿಗೂ ನಡುವೆ ಏನೂ ಇಲ್ಲ. ಪ್ರೊಪೆಲರ್ ಎಳೆಯುವ ಎಳೆತವೂ ನೀರಿನ ಹೊಡೆತವೂ ಅಲ್ಲಲ್ಲೇ ಗೊತ್ತಾಗುತ್ತದೆ. ಬಾಸ್ ಬೋಟಿನಲ್ಲೂ ತಿರುಗುವುದು ಎಂಜಿನ್ನೇ. ವ್ಯತ್ಯಾಸ ಇಷ್ಟೇ, ಓಡಿಸುವವನು ಹತ್ತು ಹನ್ನೆರಡು ಅಡಿ ಮುಂದೆ ಚಕ್ರ ಹಿಡಿದು ಕೂತಿದ್ದಾನೆ. ಆ ದೂರವನ್ನು ದಾಟಿಸುವ ಸಾಧನ ಎರಡು ಕೆಲಸ ಮಾಡಬೇಕು: ಕೈ ಹೇಳಿದ್ದನ್ನು ತಡಮಾಡದೆ ಎಂಜಿನಿಗೆ ಮುಟ್ಟಿಸಬೇಕು, ಎಂಜಿನ್ ಹಿಂದಕ್ಕೆ ತಳ್ಳುವ ಬಲವನ್ನು ಕೈಗೆ ಬಾರದಂತೆ ತಡೆಯಬೇಕು. ಯಾವ ಸ್ಟೀರಿಂಗಿನ ಯೋಗ್ಯತೆಯನ್ನೂ ನಾನು ಅಳೆಯುವುದು ಈ ಎರಡರಿಂದ. ಅದರಲ್ಲೂ ಮೊದಲನೆಯದು ನನಗೆ ಮುಖ್ಯ. ಸ್ಟೀರಿಂಗ್ ಭಾರವಾಗಿದ್ದರೆ ತೋಳು ನೋಯುತ್ತದೆ; ಪ್ಲೇ, ಅಂದರೆ ಸಡಿಲ, ಇದ್ದರೆ ಪ್ರಾಣಕ್ಕೇ ಸಂಚಕಾರ.

ಈ ಬೋಟುಗಳ ಚರಿತ್ರೆಯೇ ವೇಗದ ಚರಿತ್ರೆ. 1948ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ ಎಂಬಾತ ಪ್ಲೈವುಡ್ಡಿನಲ್ಲಿ ಕಟ್ಟಿದ ಸ್ಕೀಟರ್ ಮೊದಲ ಬಾಸ್ ಬೋಟು ಎನಿಸಿಕೊಂಡಿತು. ಸಣ್ಣ ಎಂಜಿನ್, ತೆಳ್ಳನೆಯ ಒಡಲು. ಆ ಕಾಲದ ಬೋಟುಗಳಲ್ಲಿ ಚಕ್ರದ ಬದಲು ಕೋಲಿನ ಸ್ಟೀರಿಂಗ್ ಇರುತ್ತಿತ್ತು. ಪಕ್ಕದಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ ದೂಡುವುದು. 1967ರಲ್ಲಿ ರೇ ಸ್ಕಾಟ್ ಎಂಬಾತ ಆರ್ಕನ್ಸಾಸಿನ ಬೀವರ್ ಲೇಕಿನಲ್ಲಿ ಬಾಸ್ ಹಿಡಿಯುವ ದೊಡ್ಡ ಪಂದ್ಯ ನಡೆಸಿದ. ಮರುವರ್ಷ ಅದೇ ರಾಜ್ಯದ ಫ್ಲಿಪಿನ್ ಊರಿನಲ್ಲಿ ಫಾರೆಸ್ಟ್ ವುಡ್ ಎಂಬಾತ ರೇಂಜರ್ ಬೋಟುಗಳನ್ನು ಕಟ್ಟತೊಡಗಿದ. ಪಂದ್ಯ ಎಂದಮೇಲೆ ಗಡಿಯಾರ. ಮೀನಿರುವ ಜಾಗಕ್ಕೆ ಬೇರೆಯವರಿಗಿಂತ ಮೊದಲು ಮುಟ್ಟಬೇಕು. ಎಂಜಿನ್ ಬೆಳೆಯುತ್ತ ಹೋಯಿತು, ಒಡಲಿನ ಆಕಾರ ಅದಕ್ಕೆ ತಕ್ಕಂತೆ ಬದಲಾಯಿತು. ಅದೇ ಓಟದಲ್ಲಿ ಸ್ಟೀರಿಂಗ್ ಬೆಳೆಯಲಿಲ್ಲ. ಎಂಬತ್ತರ ದಶಕದ ಎಷ್ಟೋ ಬೋಟುಗಳಲ್ಲಿ 150 ಎಚ್.ಪಿ. ಎಂಜಿನನ್ನು ಒಂದೇ ಒಂದು ಕೇಬಲ್ ತಿರುಗಿಸುತ್ತಿತ್ತು. ಇವತ್ತು ನಾವು ಎದುರಿಸುತ್ತಿರುವ ಪ್ರಶ್ನೆಯ ಬೇರು ಅಲ್ಲಿದೆ.

ಕೇಬಲ್ ಸ್ಟೀರಿಂಗಿನ ರಚನೆ ಸರಳ. ಚಕ್ರದ ಹಿಂದಿನ ಹೆಲ್ಮಿನಲ್ಲಿರುವ ಹಲ್ಲುಚಕ್ರ ಕೇಬಲಿನ ಒಳತಂತಿಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಆ ತುದಿಯಲ್ಲಿ ಒಂದು ಉಕ್ಕಿನ ಸರಳು ಎಂಜಿನಿನ ಟಿಲ್ಟ್ ಟ್ಯೂಬ್ ಎಂಬ ಕೊಳವೆಯ ಒಳಗಿಂದ ಹಾದು ಹೊರಬಂದು, ಒಂದು ಲಿಂಕಿನ ಮೂಲಕ ಎಂಜಿನನ್ನು ತಿರುಗಿಸುತ್ತದೆ. ಆಯಿಲ್ ಇಲ್ಲ, ಸೀಲ್ ಇಲ್ಲ, ಪಂಪ್ ಇಲ್ಲ. ಕೆಡುವಾಗಲೂ ಹೇಳಿಯೇ ಕೆಡುತ್ತದೆ: ತಿಂಗಳುಗಟ್ಟಲೆ ಬಿಗಿಯಾಗುತ್ತ ಬರುತ್ತದೆ. ಬಹಳ ಸಲ ಬಿಗಿಗೆ ಕಾರಣ ಕೇಬಲ್ ಅಲ್ಲವೇ ಅಲ್ಲ. ಟಿಲ್ಟ್ ಟ್ಯೂಬಿನೊಳಗೆ ವರ್ಷಗಳಿಂದ ಗಟ್ಟಿಯಾದ ಗ್ರೀಸು ಮತ್ತು ತುಕ್ಕು. ಸರಳನ್ನು ಹೊರಗೆಳೆದು, ಕೊಳವೆಯನ್ನು ಬ್ರಷ್ಷಿನಿಂದ ಉಜ್ಜಿ, ಹೊಸ ಗ್ರೀಸ್ ಹಚ್ಚಿದರೆ ಸತ್ತಂತಿದ್ದ ಸ್ಟೀರಿಂಗ್ ಎದ್ದು ಕೂರುತ್ತದೆ. ಗ್ರೀಸ್ ಗನ್ ಹಿಡಿಯುವಾಗ ಸರಳು ಪೂರ್ತಿ ಒಳಗಿರಬೇಕು. ಹೊರಗೆ ಚಾಚಿರುವಾಗ ಗ್ರೀಸ್ ತುಂಬಿದರೆ ಅದು ಸರಳಿನ ದಾರಿಗೇ ಅಡ್ಡ ಕೂತು ಸ್ಟೀರಿಂಗ್ ಸಿಕ್ಕಿಹಾಕಿಕೊಳ್ಳುತ್ತದೆ. ಎಂಜಿನಿನ ಕೈಪಿಡಿಗಳಲ್ಲೇ ಈ ಎಚ್ಚರಿಕೆ ಇದೆ, ಓದುವವರು ಕಡಿಮೆ. ಇಷ್ಟೆಲ್ಲ ಮಾಡಿ, ಎಂಜಿನಿನಿಂದ ಬಿಡಿಸಿ ತಿರುಗಿಸಿದರೂ ಬಿಗಿಯಾಗಿದೆ ಎಂದರೆ ಕೇಬಲಿನ ಒಳಗೇ ತುಕ್ಕು. ಮಳೆಗಾಲ ಕಳೆದ ಮೇಲಿನ ಸೈಕಲ್ ಬ್ರೇಕ್ ವೈರಿನ ಹಾಗೆ. ಹೊರಗಿಂದ ಎಣ್ಣೆ ಬಿಟ್ಟು ಬದುಕಿಸಲಾಗದು, ಬದಲಿಸಬೇಕು. ಹೊಸ ಕೇಬಲ್ಲು, ಹೆಲ್ಮು ಸೇರಿ ಕೆಲವು ನೂರು ಡಾಲರಿನ ಮಾತು. ಒಂದು ಮಧ್ಯಾಹ್ನದಲ್ಲಿ ಮನೆಯಂಗಳದಲ್ಲೇ ಮುಗಿಯುವ ಕೆಲಸ.

ಹಾಗಾದರೆ ಕೇಬಲಿನ ತಪ್ಪೇನು? ಪ್ಲೇ. ಹೆಲ್ಮಿನ ಹಲ್ಲುಗಳ ನಡುವೆ ಒಂದಿಷ್ಟು, ಕೇಬಲಿನ ಒಳತಂತಿಗೂ ಕವಚಕ್ಕೂ ನಡುವೆ ಒಂದಿಷ್ಟು, ಲಿಂಕಿನ ಕೀಲುಗಳಲ್ಲಿ ಒಂದಿಷ್ಟು. ಹೊಸದರಲ್ಲೇ ಸ್ವಲ್ಪ ಇರುತ್ತದೆ, ಹಳೆಯದರಲ್ಲಿ ಎಲ್ಲ ಕೂಡಿಕೊಳ್ಳುತ್ತದೆ. ಚಕ್ರವನ್ನು ಒಂದೆರಡು ಅಂಗುಲ ಅತ್ತಿತ್ತ ಆಡಿಸಿದರೂ ಎಂಜಿನ್ ಅಲ್ಲಾಡುವುದಿಲ್ಲ. ಗಂಟೆಗೆ 30 ಮೈಲಿಯಲ್ಲಿ ಇದು ಕಿರಿಕಿರಿ ಅಷ್ಟೆ. ವೇಗ ಏರಿದಂತೆ ಇದರ ಅರ್ಥವೇ ಬದಲಾಗುತ್ತದೆ.

ಗಂಟೆಗೆ 60 ಮೈಲಿ ವೇಗದಲ್ಲಿ ಬೋಟು ಸೆಕೆಂಡಿಗೆ 88 ಅಡಿ ಸಾಗುತ್ತದೆ. ಆ ವೇಗದಲ್ಲಿ ಒಡಲಿನ ಬಹುಪಾಲು ನೀರಿನಿಂದ ಮೇಲೆದ್ದಿರುತ್ತದೆ; ಹಿಂಭಾಗದ ತಳದಲ್ಲಿರುವ ಅಗಲ ಕಿರಿದಾದ ಪಟ್ಟಿಯೊಂದರ ಮೇಲೆ ಇಡೀ ಬೋಟು ನಿಂತಿರುತ್ತದೆ. ನಿಂತದ್ದು ಎಡಕ್ಕೆ ವಾಲುತ್ತದೆ, ಅಂಚು ನೀರಿಗೆ ತಾಗಿ ಪುಟಿದು ಬಲಕ್ಕೆ ವಾಲುತ್ತದೆ, ಮತ್ತೆ ಎಡಕ್ಕೆ. ಪ್ರತಿ ಸಲವೂ ಮೊದಲಿಗಿಂತ ಜೋರು. ಇಲ್ಲಿನವರು ಇದನ್ನು ಚೈನ್ ವಾಕ್ ಎನ್ನುತ್ತಾರೆ. ಬಲ್ಲ ಚಾಲಕ ವಾಲಿಕೆ ಶುರುವಾಗುವ ಕ್ಷಣದಲ್ಲೇ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಅದನ್ನು ಅಡಗಿಸುತ್ತಾನೆ. ಸ್ಟೀರಿಂಗಿನಲ್ಲಿ ಪ್ಲೇ ಇದ್ದರೆ ಆ ಕೂದಲೆಳೆಯ ತಿದ್ದುಪಡಿ ಎಂಜಿನನ್ನು ಮುಟ್ಟುವುದೇ ಇಲ್ಲ. ಮುಟ್ಟುವ ಹೊತ್ತಿಗೆ ಬೋಟು ಇನ್ನೊಂದು ಕಡೆಗೆ ವಾಲಿರುತ್ತದೆ. ತಿದ್ದಲು ಹೋದದ್ದೇ ವಾಲಿಕೆಗೆ ಇನ್ನಷ್ಟು ಬಲ ಕೊಡುತ್ತದೆ. ಚಾಲಕನ ತಪ್ಪು ಎನ್ನಿಸಿಕೊಂಡ ಎಷ್ಟೋ ಪಲ್ಟಿಗಳಲ್ಲಿ ಈ ಸಡಿಲ ಸ್ಟೀರಿಂಗಿನ ಪಾಲಿದೆ ಎಂದು ನಾನು ನಂಬುತ್ತೇನೆ.

ಕೇಬಲಿನ ಇನ್ನೊಂದು ತೊಂದರೆ ಎಂದರೆ ಎಂಜಿನಿನ ಮರುತಳ್ಳು. ಪ್ರೊಪೆಲರ್ ತಿರುಗುವ ಬಲದಿಂದಾಗಿ ಎಂಜಿನ್ ಸದಾ ಒಂದು ಪಕ್ಕಕ್ಕೆ ಹೋಗಲು ಹವಣಿಸುತ್ತಿರುತ್ತದೆ. ಎಂಜಿನಿನ ಓರೆ, ಅಂದರೆ ಟ್ರಿಮ್, ಒಳಗಿದ್ದರೆ ಒಂದು ಕಡೆ, ಎತ್ತಿದರೆ ಇನ್ನೊಂದು ಕಡೆ. ತೀರಾ ಹಳೆಯ ಕೇಬಲ್ ಹೆಲ್ಮುಗಳು ಈ ಬಲವನ್ನೆಲ್ಲ ಕೈಗೆ ದಾಟಿಸುತ್ತವೆ. ಟೋಪಿ ಹಾರಿಹೋಯಿತೆಂದು ಕೈ ಬಿಟ್ಟರೆ ಬೋಟು ತಟ್ಟನೆ ತಿರುಗಿ ಜನರನ್ನು ಹೊರಗೆಸೆಯುತ್ತದೆ. ಚಾಲಕನಿಲ್ಲದ ಬೋಟು ಸುತ್ತುಹಾಕುತ್ತ ಬಿದ್ದವನ ಮೇಲೆಯೇ ಮರಳಿ ಬರಬಹುದು. ಎಂಜಿನ್ ನಿಲ್ಲಿಸುವ ಹಗ್ಗವನ್ನು ಮೈಗೆ ಕಟ್ಟಿಕೊಳ್ಳುವುದನ್ನು 26 ಅಡಿಗಿಂತ ಕಡಿಮೆ ಉದ್ದದ ಬೋಟುಗಳಿಗೆ 2021ರ ಏಪ್ರಿಲ್ 1ರಿಂದ ಅಮೆರಿಕದ ಕಾನೂನು ಕಡ್ಡಾಯ ಮಾಡಿದ್ದು ಇಂಥ ಸಾವುಗಳನ್ನು ಕಂಡೇ. ತೀರಾ ಹಳೆಯವುಗಳ ನಂತರ ಬಂದ ಕೇಬಲ್ ಹೆಲ್ಮುಗಳಲ್ಲಿ ನೋ ಫೀಡ್‌ಬ್ಯಾಕ್ ಎಂಬ ಏರ್ಪಾಟು ಬಂತು: ಒಳಗಿನ ಕ್ಲಚ್ಚು ಎಂಜಿನಿನ ತಳ್ಳನ್ನು ಕಚ್ಚಿ ಹಿಡಿಯುತ್ತದೆ, ಚಕ್ರ ತಿರುಗಿಸಿದಾಗ ಮಾತ್ರ ಬಿಡುತ್ತದೆ. ಒಳ್ಳೆಯದೇ. ಆದರೆ ಆ ಕ್ಲಚ್ಚು ಬಿಡಲು ತನ್ನ ಪಾಲಿನ ಸ್ವಲ್ಪ ಪ್ಲೇಯನ್ನೂ ಸೇರಿಸುತ್ತದೆ. ಎರಡನೆಯ ಕೆಲಸ ಚೆನ್ನಾಗಿ ಮಾಡಲು ಹೋಗಿ ಮೊದಲನೆಯದನ್ನು ಒಂದಿಷ್ಟು ಬಿಟ್ಟುಕೊಟ್ಟ ವಿನ್ಯಾಸ ಅದು. ನಿಧಾನದ ಬೋಟಿಗೆ ಈ ಕೊಡುಕೊಳೆ ಲಾಭದ್ದು, ವೇಗದ ಬೋಟಿಗೆ ನಷ್ಟದ್ದು.

ಇಲ್ಲಿ ಒಂದು ಸಾಧನದ ಪರವಾಗಿ ಗಟ್ಟಿಯಾಗಿ ಮಾತಾಡಬೇಕು. ಜೋಡಿ ಕೇಬಲ್ ಸ್ಟೀರಿಂಗಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿಲ್ಲ. ಹೈಡ್ರಾಲಿಕ್ ಬರುವ ಮೊದಲು ವೇಗದ ಬಾಸ್ ಬೋಟುಗಳನ್ನು ನೆಟ್ಟಗೆ ಓಡಿಸಿದ್ದು ಅದೇ. ಎರಡು ಕೇಬಲುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿ ಹೊಂದಿಸಿದಾಗ ಒಂದರ ಪ್ಲೇಯನ್ನು ಇನ್ನೊಂದು ನುಂಗುತ್ತದೆ. ಚಕ್ರ ಅಲ್ಲಾಡಿದರೆ ಎಂಜಿನ್ ಅಲ್ಲಾಡುತ್ತದೆ, ನಡುವೆ ಸತ್ತ ಜಾಗ ಇಲ್ಲ. ಜೊತೆಗೆ ನೀರಿನ, ಎಂಜಿನಿನ ಸುದ್ದಿಯೂ ಕೈಗೆ ತಲುಪುತ್ತಿರುತ್ತದೆ. ಭಾರ ಎಂಬುದು ನಿಜ. ದಿನವಿಡೀ ಓಡಿಸಿದರೆ ಭುಜ ಹಿಡಿದುಕೊಳ್ಳುತ್ತದೆ. ಬಿಗಿ ಹೊಂದಿಸುವುದಕ್ಕೂ ತಾಳ್ಮೆ ಬೇಕು, ಹೆಚ್ಚಾದರೆ ಚಕ್ರ ತಿರುಗದು, ಕಡಿಮೆಯಾದರೆ ಎರಡನೆಯ ಕೇಬಲ್ ಇದ್ದೂ ಇಲ್ಲದಂತೆ. ಆದರೂ ಸುಸ್ಥಿತಿಯ ಜೋಡಿ ಕೇಬಲನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕಿತ್ತೆಸೆಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ನೆರೆಯ ಹಿರಿಯರೊಬ್ಬರ 200 ಎಚ್.ಪಿ. ಬೋಟಿನಲ್ಲಿ ಇವತ್ತಿಗೂ ಅದೇ ಇದೆ. ಚಕ್ರವನ್ನು ಒಂದು ಬೆರಳು ತಿರುಗಿಸಿದರೆ ಹಿಂದೆ ಎಂಜಿನಿನ ಮೂತಿ ಅಲ್ಲಾಡುವುದು ಕಾಣುತ್ತದೆ. ಅದನ್ನು ಬದಲಿಸಿ ಗಳಿಸುವುದು ಆರಾಮವೊಂದೇ.

ಹೈಡ್ರಾಲಿಕ್ಕಿನ ಗುಣ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಚಕ್ರದ ಹಿಂದೆ ಒಂದು ಪಿಸ್ಟನ್ ಪಂಪು, ಎಂಜಿನಿನ ಮುಂದೆ ಒಂದು ಸಿಲಿಂಡರ್, ನಡುವೆ ಎರಡು ಹೋಸುಗಳು. ಚಕ್ರ ತಿರುಗಿದಷ್ಟು ಆಯಿಲ್ ಆ ಕಡೆಗೆ ಸಾಗುತ್ತದೆ. ಆಯಿಲ್ ಕುಗ್ಗುವುದಿಲ್ಲವಾದ್ದರಿಂದ ಪ್ಲೇಗೆ ಎಡೆ ಇಲ್ಲ. ಪಂಪಿನೊಳಗಿನ ವಾಲ್ವುಗಳು ಎಂಜಿನಿನ ತಳ್ಳನ್ನು ಅಲ್ಲೇ ತಡೆದು ನಿಲ್ಲಿಸುತ್ತವೆ. ಮೊದಲು ಹೇಳಿದ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ಸಾಧನ ಇದು. 60 ಮೈಲಿಯಲ್ಲಿ ಎರಡು ಬೆರಳಲ್ಲಿ ಚಕ್ರ ಹಿಡಿದು ಹೋಗಬಹುದು.

ಆದರೆ ಆ ಹಗುರತನವೇ ಹಳೆಯ ಬೋಟಿನಲ್ಲಿ ಮೋಸ ಮಾಡುತ್ತದೆ. ಕೇಬಲಿನಲ್ಲಿ ಚಕ್ರ ಒಂದು ಕಡೆಗೆ ಎಳೆಯುತ್ತಿದ್ದರೆ, ಎಂಜಿನಿನ ಕೆಳಗಿನ ಟ್ರಿಮ್ ಟ್ಯಾಬ್ ಸರಿಯಿಲ್ಲ ಎಂದು ಗೊತ್ತಾಗುತ್ತದೆ. ನಡುಕ ಬಂದರೆ ಪ್ರೊಪೆಲರ್ ಬಾಗಿದೆ, ಅಥವಾ ಎಂಜಿನ್ ತಿರುಗುವ ಪಿವಟ್ಟಿನ ಬುಶ್ ಸವೆದಿದೆ. ಹೈಡ್ರಾಲಿಕ್ ಕೂತ ಮೇಲೆ ಈ ಸುದ್ದಿಯೆಲ್ಲ ಸಿಲಿಂಡರಿನಲ್ಲೇ ನಿಂತುಹೋಗುತ್ತದೆ. ಸವೆದ ಬುಶ್ ಸವೆಯುತ್ತಲೇ ಇರುತ್ತದೆ, ಕೈಗೆ ಮಾತ್ರ ಎಲ್ಲ ಸರಿಯಾದಂತೆ. ಸಿಲಿಂಡರಿನಿಂದಾಚೆಗಿನ ಸಡಿಲನ್ನು ಯಾವ ಆಯಿಲ್ಲೂ ಬಿಗಿ ಮಾಡುವುದಿಲ್ಲ. ಹೈಡ್ರಾಲಿಕ್ ಹಾಕಿಸಿದರೂ ಬೋಟು ವಾಲುವುದು ನಿಲ್ಲಲಿಲ್ಲ ಎಂದು ದೂರುವವರ ಎಂಜಿನನ್ನು ಹಿಂದೆ ನಿಂತು ಕೈಯಲ್ಲಿ ಅಲುಗಿಸಿ ನೋಡಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಆಯಿಲ್ಲಿನಲ್ಲಿ ಗಾಳಿ ಸೇರಿದರೆ ಹೈಡ್ರಾಲಿಕ್ಕಿಗೂ ಪ್ಲೇ ಬರುತ್ತದೆ, ಅದೂ ಮೆತ್ತಗಿನ, ನಂಬಲಾಗದ ಪ್ಲೇ. ಹಾಕಿಸಿದವರಲ್ಲಿ ಗಾಳಿ ಹೊರಹಾಕುವ ಬ್ಲೀಡ್ ಕೆಲಸವನ್ನು ಅರ್ಧಂಬರ್ಧ ಮಾಡಿ ಬಿಟ್ಟವರು ಬೇಕಾದಷ್ಟಿದ್ದಾರೆ. ಹೆಲ್ಮಿನ ಬಾಯಿಗೆ ಆಯಿಲ್ ಬಾಟಲಿ ತಲೆಕೆಳಗಾಗಿ ಸಿಕ್ಕಿಸಿ, ಒಬ್ಬ ಚಕ್ರ ತಿರುಗಿಸಬೇಕು, ಇನ್ನೊಬ್ಬ ಹಿಂದೆ ನಿಪ್ಪಲ್ ಬಿಚ್ಚಿ ಗುಳ್ಳೆ ನಿಲ್ಲುವ ತನಕ ಕಾಯಬೇಕು. ಆತುರದವರ ಕೆಲಸ ಅಲ್ಲ. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಹಾಳು. ಚಕ್ರಕ್ಕೆ ನಿಶ್ಚಿತ ನಡುಬಿಂದು ಇರುವುದಿಲ್ಲ ಎಂಬುದು ಇನ್ನೊಂದು. ಓಡಿಸುತ್ತ ಓಡಿಸುತ್ತ ಅದು ಜಾರುತ್ತದೆ, ಎಂಜಿನ್ ನೆಟ್ಟಗಿದೆಯೋ ಇಲ್ಲವೋ ಚಕ್ರದ ಕಡ್ಡಿ ನೋಡಿ ಹೇಳಲಾಗದು. ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಬಲಿನಲ್ಲಿ ಮೂರು ಚಿಲ್ಲರೆ ಸುತ್ತು ಸಾಕಾದರೆ, ಸಣ್ಣ ಪಂಪಿನ ಹೈಡ್ರಾಲಿಕ್ಕಿನಲ್ಲಿ ಐದರ ಹತ್ತಿರ ಹೋಗುತ್ತದೆ. ಟ್ರೇಲರಿಗೆ ಹತ್ತಿಸುವಾಗ ಇದು ಅರಿವಿಗೆ ಬರುತ್ತದೆ. ಇವೆಲ್ಲ ರೂಢಿಯಿಂದ ಸರಿಹೋಗುವಂಥವು, ನಿರಾಕರಿಸಲು ಸಾಕಾಗುವ ಕಾರಣಗಳಲ್ಲ.

ಖರ್ಚಿನ ಲೆಕ್ಕದಲ್ಲಿ ಹಳೆಯ ಬೋಟಿನ ಮೈಯನ್ನೂ ಸೇರಿಸಬೇಕು. ಆ ಕಾಲದ ಬಹುತೇಕ ಬೋಟುಗಳ ಟ್ರಾನ್ಸಮ್, ಅಂದರೆ ಎಂಜಿನ್ ತೂಗುಬಿದ್ದಿರುವ ಹಿಂಗೋಡೆ, ಫೈಬರಿನ ಒಳಗೆ ಪ್ಲೈವುಡ್. ಬೋಲ್ಟಿನ ತೂತುಗಳಿಂದ ನೀರಿಳಿದು ಆ ಮರ ಕೊಳೆತಿರಬಹುದು. ಎಂಜಿನ್ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಹಿಂಗೋಡೆಯೇ ಬಳುಕಿದರೆ ಸ್ಟೀರಿಂಗಿನ ಮಾತು ಅಲ್ಲಿಗೇ ನಿಲ್ಲಲಿ, ದುಡ್ಡು ಮೊದಲು ಅಲ್ಲಿಗೆ. ಮುಂದೆ ಕೂರುವ ಸಿಲಿಂಡರಿಗೆ ಆಧಾರ ಅದೇ ಹಳೆಯ ಟಿಲ್ಟ್ ಟ್ಯೂಬ್. ಅದರ ತಿರುಪಿನ ಮರೆಗಳು ತುಕ್ಕು ತಿಂದಿದ್ದರೆ ಅದನ್ನೂ ಬದಲಿಸಬೇಕು. ಸಿಲಿಂಡರ್ ಅತ್ತಿತ್ತ ಓಡಾಡಲು ಎಂಜಿನಿನ ಮುಂದೆ ಜಾಗ ಇದೆಯೇ, ಎಂಜಿನ್ ಪೂರ್ತಿ ಎತ್ತಿದಾಗ ಯಾವುದಕ್ಕೂ ತಾಗುವುದಿಲ್ಲವೇ, ಎಂಜಿನನ್ನು ಎತ್ತಿ ಇಳಿಸುವ ಜ್ಯಾಕ್ ಪ್ಲೇಟ್ ಇದ್ದರೆ ಹೋಸಿನ ಉದ್ದ ಸಾಕೇ, ಇವನ್ನು ಕಿಟ್ ತರಿಸುವ ಮೊದಲೇ ಅಳೆದುಕೊಳ್ಳಬೇಕು. ಹಳೆಯ ಹೆಲ್ಮಿನ ಮೇಲೆ ಟೆಲಿಫ್ಲೆಕ್ಸ್ ಎಂದಿದ್ದರೆ ಗಾಬರಿ ಬೇಡ. ಆ ವಿಭಾಗ 2011ರಲ್ಲಿ ಕೈಬದಲಾಗಿ ಸೀಸ್ಟಾರ್ ಸೊಲ್ಯೂಷನ್ಸ್ ಆಯಿತು, 2017ರಲ್ಲಿ ಡೊಮೆಟಿಕ್ ಪಾಲಾಯಿತು. ಕೇಬಲ್ಲೂ ಸೀಲೂ ಈಗಲೂ ಸಿಗುತ್ತವೆ. ಅವರದೇ ಬೇಸ್ಟಾರ್ ಎಂಬ ಸಣ್ಣ ಹೈಡ್ರಾಲಿಕ್ 150 ಎಚ್.ಪಿ.ವರೆಗೆ, ಅದರಾಚೆಗೆ ಸೀಸ್ಟಾರ್ ಬೇಕು, ಬೆಲೆ ಸಾವಿರ ಡಾಲರ್ ದಾಟುತ್ತದೆ.

ಗೆಳೆಯನ ಬೋಟು ಜಿಪಿಎಸ್ಸಿನಲ್ಲಿ 56 ಮೈಲಿ ತೋರಿಸುತ್ತಿತ್ತು. ಒಂಟಿ ಕೇಬಲ್, ಕೈಗೆ ಗೊತ್ತಾಗುವಷ್ಟು ಪ್ಲೇ. ನನ್ನ ತೀರ್ಪಿನಲ್ಲಿ ಅನುಮಾನ ಇರಲಿಲ್ಲ. 50 ಮೈಲಿ ದಾಟುವ ಬೋಟಿಗೆ ಒಂಟಿ ಕೇಬಲ್ ಸಲ್ಲದು, ಅದು ಹೊಸದಾದರೂ ಸಲ್ಲದು. ಜೋಡಿ ಕೇಬಲ್ ಹೊಸದಾಗಿ ಹಾಕಿಸುವ ಖರ್ಚು ಹೈಡ್ರಾಲಿಕ್ಕಿಗೆ ಹತ್ತಿರ ಹೋಗುವುದರಿಂದ ಹೈಡ್ರಾಲಿಕ್ಕೇ ಸರಿ. ಆದರೆ ಕಿಟ್ಟಿಗೆ ದುಡ್ಡು ಕೊಡುವ ಮೊದಲು ಪಿವಟ್ಟಿನ ಬುಶ್ ಬದಲಿಸು, ಎಂಜಿನಿನ ಬೋಲ್ಟುಗಳನ್ನು ಬಿಚ್ಚಿ ಟ್ರಾನ್ಸಮ್ ನೋಡು ಎಂದೆ. ಟ್ರಾನ್ಸಮ್ ಒಣಗಿಯೇ ಇತ್ತು, ಬುಶ್ ಸವೆದಿತ್ತು. ಬುಶ್ ಬದಲಿಸಿ, ಹೈಡ್ರಾಲಿಕ್ ಕೂರಿಸಿ, ನಾವಿಬ್ಬರೂ ಸೇರಿ ಬ್ಲೀಡ್ ಮಾಡಿದೆವು. ಈಗ ಅವನ ಬೋಟು 50ರಾಚೆಗೂ ಸುಮ್ಮನೆ ಹೋಗುತ್ತದೆ. ಬಾರ್ಜುಗಳು ಎಬ್ಬಿಸಿದ ಅಲೆ ದಾಟುವಾಗ ಚಕ್ರ ಕೈ ಕೀಳುವುದಿಲ್ಲ.

115 ಎಚ್.ಪಿ. ಎಂಜಿನ್, 45 ಮೈಲಿ ಮೀರದ ಬೋಟು ಇದ್ದವರಿಗೆ ಮಾತ್ರ ನಾನು ಬೇರೆಯೇ ಹೇಳುತ್ತೇನೆ. ಮೀನು ಹಿಡಿಯುವ ಹೊತ್ತೆಲ್ಲ ಕಳೆಯುವುದು ಬೋಟಿನ ಮೂತಿಯಲ್ಲಿರುವ ಸಣ್ಣ ಟ್ರೋಲಿಂಗ್ ಮೋಟರಿನ ಮೇಲೆ, ಕಾಲಲ್ಲಿ ನಡೆಸುತ್ತ; ಚಕ್ರ ಹಿಡಿಯುವುದು ಜಾಗದಿಂದ ಜಾಗಕ್ಕೆ ಓಡುವಾಗಷ್ಟೆ. ಅಂಥ ಬೋಟಿಗೆ ನೋ ಫೀಡ್‌ಬ್ಯಾಕ್ ಹೆಲ್ಮಿನ ಹೊಸ ಒಂಟಿ ಕೇಬಲ್ ಬೇಕಾದಷ್ಟಾಯಿತು. ಹಳೆಯ ಕೇಬಲಿನ ಕವಚದ ಮೇಲಿರುವ ನಂಬರ್ ನೋಡಿ ಅದೇ ಉದ್ದದ್ದು ತರಿಸಿ, ಟಿಲ್ಟ್ ಟ್ಯೂಬ್ ತೊಳೆದು ಹಾಕಿಕೊಳ್ಳಿ. ಪ್ರತಿ ವಸಂತದಲ್ಲಿ ಒಬ್ಬರು ಚಕ್ರ ಗಟ್ಟಿಯಾಗಿ ಹಿಡಿದಿರಲಿ, ಇನ್ನೊಬ್ಬರು ಹಿಂದಿನಿಂದ ಎಂಜಿನನ್ನು ಎಡಬಲಕ್ಕೆ ಅಲುಗಿಸಿ ಪ್ಲೇ ಎಷ್ಟಿದೆ, ಎಲ್ಲಿದೆ ಎಂದು ನೋಡಲಿ: ಲಿಂಕಿನಲ್ಲೋ, ಬುಶ್ಶಿನಲ್ಲೋ, ಕೇಬಲಿನಲ್ಲೋ. ಲಿಂಕಿನ ನಟ್ಟುಗಳು ಸ್ವಯಂ ಬಿಗಿಯಾಗಿ ನಿಲ್ಲುವ ಲಾಕ್ ನಟ್ಟುಗಳೇ ಆಗಿರಬೇಕು. ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಿ.